ಚಿಮಿಣಿ ಎಣ್ಣೆ ಹೋಗುವ ದಾರಿ

ಜುಲೈ ತಿಂಗಳ ಒಂದು ಬೆಳಗು. ರಾತ್ರಿಯಿಡೀ ಹೊಯ್ದ ಮಳೆ ಆಗಷ್ಟೇ ಹೊಳವಾಗಿದೆ. ಗಂಗೊಳ್ಳಿಯ ದಕ್ಕೆಯಲ್ಲಿ ದೊಡ್ಡ ಬೋಟುಗಳೆಲ್ಲ ಒಂದಕ್ಕೊಂದು ಭುಜ ತಾಗಿಸಿಕೊಂಡು ಕಟ್ಟಿ ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಅವಕ್ಕೆ ಕಡಲಿಲ್ಲ. ಬಣ್ಣ ಹಚ್ಚುವವರು, ಬಲೆ ಹೆಣೆಯುವವರು, ಮರದ ಸಂದಿಗೆ ಹತ್ತಿ ತುರುಕುವವರು ಮಾತ್ರ ಅಲ್ಲಲ್ಲಿ ಕಾಣುತ್ತಾರೆ. ಪೂರ್ವದ ಕಡೆ ಕೊಡಚಾದ್ರಿಯ ಸಾಲು ಮೋಡದೊಳಗೆ ಹೂತುಹೋಗಿದೆ. ಪಂಚಗಂಗಾವಳಿಯ ನೀರು ಕೆಂಪು ಮಣ್ಣು ಕಲಸಿಕೊಂಡು, ತೆಂಗಿನ ಮಡಲು, ಬಾಳೆಯ ದಿಂಡು, ಯಾರದೋ ಮನೆಯ ಪ್ಲಾಸ್ಟಿಕ್ ಕೊಡ ಎಲ್ಲವನ್ನೂ ಹೊತ್ತುಕೊಂಡು ಅಳಿವೆಯ ಕಡೆ ಸಾಗುತ್ತಿದೆ. ಅತ್ತ ಕೋಡಿ, ಇತ್ತ ಗಂಗೊಳ್ಳಿ. ನಡುವೆ ಹೊಳೆ ಕಡಲಿಗೆ ಬೀಳುವ ಬಾಯಿ. ಅಲ್ಲಿಂದ ಒಂದೇ ಸಮನೆ ಮೊರೆತ ಕೇಳಿ ಬರುತ್ತಿದೆ.

ಈ ಎರಡು ತಿಂಗಳು ಕಡಲಿಗೆ ಇಳಿಯುವ ಹಕ್ಕು ನಾಡದೋಣಿಗಳದ್ದು. ಹುಟ್ಟು ಹಾಕುವ ದೋಣಿ, ಇಲ್ಲವೇ 10 ಅಶ್ವಶಕ್ತಿಯ ಒಳಗಿನ ಮೋಟಾರು ಕಟ್ಟಿದ ದೋಣಿ. ಹಾಗಾಗಿ ಈ ದಂಡೆಯಲ್ಲಿ ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಇಂಜಿನ್ನಿಗೆ ಇರುವ ಮರ್ಯಾದೆಯೇ ಬೇರೆ. ಮೊದಲ ತೂಫಾನು ಕಳೆದು ಕಡಲು ಒಂದಿಷ್ಟು ತಣ್ಣಗಾದ ಕೂಡಲೇ ಬಂಗುಡೆ, ಚಟ್ಲಿ ದಡದ ಹತ್ತಿರಕ್ಕೆ ಬರುತ್ತವೆ. ಆ ಕೆಲವೇ ದಿನಗಳ ದುಡಿಮೆಯ ಮೇಲೆ ಮನೆಯ ವರ್ಷದ ಲೆಕ್ಕ ನಿಂತಿರುತ್ತದೆ. ಆ ಹೊತ್ತಿಗೆ ಇಂಜಿನ್ ಕೈ ಕೊಟ್ಟರೆ ಮೀನಿನ ಜೊತೆಗೆ ಇನ್ನೂ ದೊಡ್ಡದೊಂದು ಕೈತಪ್ಪಬಹುದು.

ದಕ್ಕೆಯ ತುದಿಗೆ, ಒಂದು ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಇಂಜಿನ್ ರಿಪೇರಿಯ ಶೆಡ್ಡು. ಬಾಗಿಲಿಲ್ಲ, ಮೂರು ಕಡೆ ಗೋಡೆ, ಒಂದು ಕಡೆ ಟಾರ್ಪಾಲು. ಒಳಗೆ ಅಡ್ಡಕ್ಕೆ ಕಟ್ಟಿದ ತೆಂಗಿನ ದಿಂಡಿಗೆ ಐದಾರು ಇಂಜಿನ್ನುಗಳು ಸಾಲಾಗಿ ನೇತಾಡುತ್ತಿವೆ. ಕೆಲವಕ್ಕೆ ಮುಚ್ಚಳ ಇಲ್ಲ, ಕೆಲವಕ್ಕೆ ಬಣ್ಣ ಇಲ್ಲ, ಒಂದಕ್ಕೆ ಪಂಖವೇ ಇಲ್ಲ. ಮೂಲೆಯಲ್ಲಿ ನೀರು ತುಂಬಿದ ಕಬ್ಬಿಣದ ಡ್ರಮ್ಮು. ಶೆಡ್ಡಿನ ತುಂಬ ಚಿಮಿಣಿ ಎಣ್ಣೆಯ ವಾಸನೆ. ಪತ್ರಿಕೆಯವರು ಸೀಮೆಎಣ್ಣೆ ಎಂದು ಬರೆಯುತ್ತಾರೆ. ಇಲ್ಲಿಯ ಬಾಯಲ್ಲಿ ಅದು ಚಿಮಿಣಿ ಎಣ್ಣೆಯೇ. ರಿಪೇರಿಯವರಿಗೆ ಅರವತ್ತು ದಾಟಿರಬೇಕು. ಊರಿಗೆಲ್ಲ ಅವರು ‘ಅಣ್ಣ’. ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಸೊಂಟಕ್ಕೆ ಬಿಗಿದ ಲುಂಗಿ, ಉಗುರಿನ ಸಂದಿಯಲ್ಲಿ ಯಾವ ಸಾಬೂನಿಗೂ ಹೋಗದ ಕಪ್ಪು.

ಆವತ್ತು ಇಬ್ಬರು ಹುಡುಗರು ಕೋಲಿಗೆ ತೂಗುಹಾಕಿ ಹೊತ್ತು ತಂದದ್ದು 9.9 ಅಶ್ವಶಕ್ತಿಯ ಎರಡು ಸ್ಟ್ರೋಕಿನ ಹಳೆಯ ಇಂಜಿನ್. ಅದರ ಹಿಂದೆ ಕ್ಯಾನು, ಪೈಪು ಹಿಡಿದುಕೊಂಡು ದೋಣಿಯ ಯಜಮಾನ ಬಂದ. ಮೂವತ್ತೈದರ ಆಸುಪಾಸು. ರಾತ್ರಿ ನಿದ್ದೆ ಇಲ್ಲದ ಕಣ್ಣು.

“ಎಂತ ಆಯ್ತ್ ಮಾರಾಯಾ?”

“ಶುರು ಆತ್ತ್ ಅಣ್ಣಾ. ಹತ್ ನಿಮಿಷ ಲಾಯ್ಕ್ ಓಡತ್ತ್. ಮತ್ ಬಂದ್. ಬಲ್ಬ್ ಒತ್ತಿರೆ ಪುನಃ ಓಡತ್ತ್.”

ಈ ಬಲ್ಬು ಬೆಳಕಿನದ್ದಲ್ಲ. ಎಣ್ಣೆಯ ಕ್ಯಾನಿನಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ಇರುವ, ಕೋಳಿಮೊಟ್ಟೆಗಿಂತ ದೊಡ್ಡ ರಬ್ಬರಿನ ಉಂಡೆ. ಇಂಜಿನ್ ಶುರು ಮಾಡುವ ಮೊದಲು ಅದನ್ನು ನಾಲ್ಕಾರು ಸಲ ಹಿಚುಕಿದರೆ ಎಣ್ಣೆ ಮುಂದಕ್ಕೆ ಹೋಗಿ ಕಾರ್ಬೊರೇಟರ್ ತುಂಬುತ್ತದೆ. ಅದರ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ. ಆ ಬಾಣ ಇಂಜಿನ್ನಿನ ಕಡೆಗೆ ಇರಬೇಕು. ಒಳಗೆ ಎರಡು ಕಡೆಗೂ ಒಂದೊಂದು ಕವಾಟ. ಎಣ್ಣೆ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರುವಂತಿಲ್ಲ.

ಯಜಮಾನ ತನ್ನ ಕಷ್ಟ ಹೇಳಿಕೊಂಡ. ಬೇರೊಂದು ಕಡೆ ಈ ಹದಿನೈದು ದಿನದಲ್ಲಿ ಎರಡು ಸಲ ಕಾರ್ಬೊರೇಟರ್ ಬಿಚ್ಚಿಸಿದ್ದಾಯಿತು, ಪ್ಲಗ್ಗು ಹೊಸತು ಹಾಕಿಸಿದ್ದಾಯಿತು. ದುಡ್ಡು ಹೋಯಿತು, ಬಂಗುಡೆಯ ನಾಲ್ಕು ದಿನ ಹೋಯಿತು. ಇಂಜಿನ್ ಮಾತ್ರ ಹಾಗೆಯೇ ಇದೆ. ಅಣ್ಣ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಪೆಟ್ರೋಲಗ್ ಬಂದ್ ಆತ್ತಾ?”

“ಇಲ್ಲೆ. ಪೆಟ್ರೋಲಗ್ ಎಷ್ಟೊತ್ತ್ ಬೇಕಾರೂ ಓಡತ್ತ್.”

“ಹಂಗಾರೆ ಕಾರ್ಬೊರೇಟರ್ ಮುಟ್ಟುಕಾಗ.”

ಮುಟ್ಟಬಾರದು ಎಂದದ್ದರ ಹಿಂದಿನ ತರ್ಕ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಈ ಇಂಜಿನ್ನುಗಳಿಗೆ ಎರಡು ಊಟ. ಚಿಮಿಣಿ ಎಣ್ಣೆ ತಣ್ಣಗಿರುವ ಇಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಶುರು ಮಾಡಬೇಕು, ಇಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಚಿಮಿಣಿ ಎಣ್ಣೆಗೆ ಬರಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಒಂದೆರಡು ನಿಮಿಷ ಓಡಿಸಬೇಕು. ಇಲ್ಲದಿದ್ದರೆ ಕಾರ್ಬೊರೇಟರಿನ ಬಟ್ಟಲಲ್ಲಿ ಚಿಮಿಣಿ ಎಣ್ಣೆ ಉಳಿದು ಮರುದಿನ ಹಗ್ಗ ಎಷ್ಟು ಎಳೆದರೂ ಇಂಜಿನ್ ಏಳುವುದಿಲ್ಲ. ಈ ದೋಣಿಯಲ್ಲಿ ಪೆಟ್ರೋಲಿನ ಪುಟ್ಟ ಡಬ್ಬಿಯನ್ನು ಇಂಜಿನ್ನಿನ ಪಕ್ಕದಲ್ಲೇ ಎತ್ತರಕ್ಕೆ ಕಟ್ಟಿದ್ದರು. ಚಿಮಿಣಿ ಎಣ್ಣೆಯ ಕ್ಯಾನು ದೋಣಿಯ ತಳದಲ್ಲಿ, ಅಲ್ಲಿಂದ ಮಾರುದ್ದದ ಪೈಪು. ಹೊರಟ ಜಾಗ ಬೇರೆ, ದಾರಿ ಬೇರೆ. ಆದರೆ ಕಾಕ್ ದಾಟಿದ ಮೇಲೆ ಎರಡಕ್ಕೂ ಒಂದೇ ದಾರಿ. ಕಾರ್ಬೊರೇಟರ್, ಜೆಟ್ಟು, ಪ್ಲಗ್ಗು ಎಲ್ಲ ಆ ಕೂಡುದಾರಿಯಲ್ಲಿ ಇರುವಂಥವು. ಪೆಟ್ರೋಲು ಅಲ್ಲಿ ಸರಾಗವಾಗಿ ಹೋಗುತ್ತದೆ ಎಂದ ಮೇಲೆ ಅವುಗಳಲ್ಲಿ ಏನೂ ಸಿಕ್ಕಿಹಾಕಿಕೊಂಡಿಲ್ಲ. ತಪ್ಪು ಇರುವುದು ಚಿಮಿಣಿ ಎಣ್ಣೆ ಒಂಟಿಯಾಗಿ ಬರುವ ದಾರಿಯಲ್ಲಿ. ಪೆಟ್ರೋಲು ಮೇಲಿನಿಂದ ತಾನಾಗಿ ಇಳಿಯುತ್ತದೆ, ಚಿಮಿಣಿ ಎಣ್ಣೆಯನ್ನು ಕೆಳಗಿನಿಂದ ಎಳೆದು ತರಬೇಕು. ಎಳೆಯುವ ಕಡೆ ಏನೋ ಸೋತಿದೆ.

ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲೇ ಇಂಜಿನ್ನಿನ ಅರ್ಧಭಾಗ ಅನುಮಾನದಿಂದ ಬಿಡುಗಡೆಯಾಗಿತ್ತು. ಎರಡು ಸಲ ಕಾರ್ಬೊರೇಟರ್ ಬಿಚ್ಚಿದವರು ಈ ಪ್ರಶ್ನೆ ಕೇಳಿದ್ದರೆ ಆ ನಾಲ್ಕು ದಿನದ ಬಂಗುಡೆ ಈ ಮನೆಗೆ ಬರುತ್ತಿತ್ತು.

ಅಣ್ಣ ಶುರು ಮಾಡಿದ್ದು ಕ್ಯಾನಿನಿಂದ. ಮುಚ್ಚಳದ ಮೇಲೆ ಗಾಳಿ ಬಿಡುವ ಒಂದು ಸಣ್ಣ ತಿರುಪು ಇದೆ. ಸಾಗಿಸುವಾಗ ಎಣ್ಣೆ ಚೆಲ್ಲದಿರಲಿ ಎಂದು ಅದನ್ನು ಬಿಗಿಯುತ್ತಾರೆ, ಓಡಿಸುವಾಗ ಸಡಿಲಿಸಲು ಮರೆಯುತ್ತಾರೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಕ್ಯಾನಿನೊಳಗೆ ಎಳೆತ ಹುಟ್ಟಿ ಎಣ್ಣೆ ಅಲ್ಲೇ ನಿಲ್ಲುತ್ತದೆ, ಬಲ್ಬು ಒಳಕ್ಕೆ ಹೀರಿ ಚಪ್ಪಟೆಯಾಗುತ್ತದೆ. ಎಳನೀರನ್ನು ಒಂದೇ ತೂತಿನಿಂದ ಸುರಿಯಲು ಹೋದರೆ ಗುಳುಗುಳು ಎಂದು ತಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಇಂಜಿನ್ ಕೆಟ್ಟಿತೆಂದು ಹೊತ್ತು ತರುವವರಲ್ಲಿ ಈ ತಿರುಪನ್ನು ಅರ್ಧ ಸುತ್ತು ತಿರುಗಿಸಿಕೊಂಡು ಮನೆಗೆ ಮರಳಿದವರೂ ಇದ್ದಾರಂತೆ. ಅಂಥವರಿಂದ ಅಣ್ಣ ದುಡ್ಡು ತೆಗೆದುಕೊಳ್ಳುವುದಿಲ್ಲ. ಇಲ್ಲಿ ತಿರುಪು ಸರಿಯಾಗಿಯೇ ಇತ್ತು.

ಮುಂದೆ, ಕ್ಯಾನಿನ ತಳದಿಂದ ಒಂದಿಷ್ಟು ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ಕಿಟಕಿಯ ಬಳಿ ಇಟ್ಟರು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಾಟಲಿಯೊಳಗೆ ಒಂದು ಗೆರೆ ಮೂಡಿತ್ತು. ಮೇಲೆ ನೀಲಿ ಛಾಯೆಯ ಎಣ್ಣೆ, ಕೆಳಗೆ ಬೆರಳಿನ ಅಗಲಕ್ಕೂ ಕಡಿಮೆ ಬಣ್ಣವಿಲ್ಲದ ನೀರು. ನೀರು ಎಣ್ಣೆಗಿಂತ ಭಾರ, ತಳ ಸೇರುತ್ತದೆ. ಎಣ್ಣೆ ಹೀರುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಅರ್ಧ ತುಂಬಿದ ಕ್ಯಾನಿನ ಒಳಗೋಡೆಯಲ್ಲಿ ಮಳೆಗಾಲದ ತೇವ ಹನಿಗಟ್ಟಿದರೂ ಸಾಕು, ಮುಚ್ಚಳದ ವಾಷರ್ ಸಡಿಲವಿದ್ದರೆ ಕೇಳುವುದೇ ಬೇಡ. ಉಪ್ಪುನೀರು ಕಾರ್ಬೊರೇಟರ್ ತನಕ ಹೋದರೆ ಅಲ್ಲಿ ಬಿಳಿ ಹುಡಿ ಕಟ್ಟಿ ಜೆಟ್ಟಿನ ಬಾಯಿ ಮುಚ್ಚುತ್ತದೆ. ಅಣ್ಣ ಆ ನೀರನ್ನು ಯಜಮಾನನಿಗೆ ತೋರಿಸಿದರು. “ಇದೂ ಒಂದ್ ಕಾಯ್ಲೆಯೇ. ಆರೆ ನೀ ಹೇಳುದ್ ಇದಲ್ಲ.” ಕ್ಯಾನನ್ನು ಪೂರ್ತಿ ಬಗ್ಗಿಸಿ ಖಾಲಿ ಮಾಡಿಸಿ, ಒರೆಸಿ, ಹೊಸ ಎಣ್ಣೆಯನ್ನು ತೆಳು ಬಟ್ಟೆಯಲ್ಲಿ ಸೋಸಿ ಹಾಕಿಸಿದರು. ಲೀಟರಿಗೆ 20 ಮಿಲಿಲೀಟರಿನಂತೆ ಟೂಟಿ (2T) ಆಯಿಲು ಅಳೆದು ಬೆರೆಸಿದರು. ಕಣ್ಣಂದಾಜು ಇಲ್ಲ, ಔಷಧಿಯ ಬಾಟಲಿಯ ಜೊತೆ ಬರುವ ಗೆರೆಯ ಮುಚ್ಚಳದಲ್ಲಿ ಅಳತೆ.

ಈ ಆಯಿಲಿನ ಮಾತನ್ನು ಇಲ್ಲಿ ನಿಂತು ಹೇಳಲೇಬೇಕು. ಕಾರಿನ ಇಂಜಿನ್ನಿಗೆ ಆಯಿಲು ಬೇರೆ, ಪೆಟ್ರೋಲು ಬೇರೆ. ಪೆಟ್ರೋಲು ನಿಂತರೆ ಕಾರು ನಿಲ್ಲುತ್ತದೆ, ಅಷ್ಟೇ. ಈ ಹಳೆಯ ಎರಡು ಸ್ಟ್ರೋಕಿನ ಇಂಜಿನ್ನಿಗೆ ಎಣ್ಣೆಯ ಜೊತೆ ಬೆರೆತು ಬಂದದ್ದೇ ಆಯಿಲು. ಎಣ್ಣೆ ಕಡಿಮೆ ಬಂದರೆ ಆಯಿಲೂ ಕಡಿಮೆ ಬಂತು. ಬೆಂಕಿ ಹೆಚ್ಚು ಬಿಸಿಯಾಗಿ ಉರಿಯುತ್ತದೆ, ಜಾರುವಿಕೆ ಕಡಿಮೆಯಾಗುತ್ತದೆ, ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಎಣ್ಣೆ ಸರಿಯಾಗಿ ಬಾರದ ಇಂಜಿನ್ನನ್ನು ‘ಹೇಗೋ ಓಡುತ್ತದಲ್ಲ’ ಎಂದು ಬಲ್ಬು ಹಿಚುಕುತ್ತಾ ದಿನಗಟ್ಟಲೆ ಓಡಿಸುವುದು ಅದನ್ನು ಕೊಲ್ಲುವ ದಾರಿ. ವಾಷರಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಪಿಸ್ಟನ್ನಿನ ಖರ್ಚಿಗೆ ಹೋಗುತ್ತದೆ.

ಇಂಜಿನ್ನನ್ನು ಡ್ರಮ್ಮಿನ ಅಂಚಿಗೆ ಕಟ್ಟಿದರು. ಕಾಲು ನೀರಲ್ಲಿ ಮುಳುಗಿತು. ಬಲ್ಬು ಹಿಚುಕಿದರು; ಆರನೆಯ ಸಲಕ್ಕೆ ಅದು ಗಟ್ಟಿಯಾಯಿತು. ಗಟ್ಟಿಯಾದರೆ ಬಟ್ಟಲು ತುಂಬಿತು, ಒಳಗಿನ ಸೂಜಿ ಕವಾಟ ಮುಚ್ಚಿಕೊಂಡಿತು ಎಂದು ಅರ್ಥ. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಅಥವಾ ಬಲ್ಬಿನ ಕವಾಟ ಸವೆದಿದೆ, ಇಲ್ಲವೇ ಫ್ಲೋಟು ಸಿಕ್ಕಿಕೊಂಡು ಎಣ್ಣೆ ಹೊರಗೆ ಚೆಲ್ಲುತ್ತಿದೆ. ಎಣ್ಣೆ ಬಾರದೆಯೇ ಮೊದಲ ಹಿಚುಕಿಗೇ ಕಲ್ಲಾದರೆ ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಅಣ್ಣನಿಗೆ ಬಲ್ಬು ಎಂದರೆ ವೈದ್ಯರು ಹಿಡಿದು ನೋಡುವ ನಾಡಿ. ಇಂಜಿನ್ ಓಡುತ್ತಿದ್ದಷ್ಟು ಹೊತ್ತೂ ಅವರ ಎಡಗೈ ಅದರ ಮೇಲೆಯೇ ಇತ್ತು.

ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಇಂಜಿನ್ ಎದ್ದಿತು. ಶೆಡ್ಡಿನ ಶೀಟು ನಡುಗಿತು, ನೀಲಿ ಹೊಗೆ ಟಾರ್ಪಾಲಿನ ಅಡಿಯಿಂದ ನುಸುಳಿ ಹೊಳೆಯ ಕಡೆ ಹೋಯಿತು. ಹಿಂಬದಿಯ ಸಣ್ಣ ತೂತಿನಿಂದ ತಂಪು ನೀರಿನ ಎಳೆ ಚಿಮ್ಮತೊಡಗಿತು. ಅದನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿ ಅಣ್ಣ ತಲೆಯಾಡಿಸಿದರು. ಐದು ನಿಮಿಷ ಪೆಟ್ರೋಲು. ಕಾಕ್ ತಿರುಗಿತು. ಸದ್ದು ಒಂದು ಪಟ್ಟು ದಪ್ಪವಾಯಿತು, ಹೊಗೆಯ ವಾಸನೆ ಬದಲಾಯಿತು. ಮೆಲ್ಲಗೆ ಓಡುವಾಗ ಏನೂ ತೊಂದರೆ ಇಲ್ಲ. ಎಕ್ಸಲರೇಟರ್ ಹಿಡಿ ತಿರುಗಿಸಿದಂತೆ ಒಂದು ಸಣ್ಣ ತಡವರಿಕೆ, ಕೆಮ್ಮಿದ ಹಾಗೆ. ಮತ್ತೊಂದು ಕೆಮ್ಮು. ಸದ್ದು ಕುಸಿಯತೊಡಗಿತು. ಅಣ್ಣ ಬಲ್ಬು ಒತ್ತಿದರು, ಇಂಜಿನ್ ಜೀವ ಹಿಡಿಯಿತು. ಬಿಟ್ಟರು, ಕುಸಿಯಿತು. ಬಲ್ಬು ಚಪ್ಪಟೆಯಾಗಿರಲಿಲ್ಲ. ಅಂದರೆ ಹಿಂದುಗಡೆ ಕ್ಯಾನಿನ ಕಡೆ ತಡೆ ಇಲ್ಲ.

ಆ ಕುಸಿಯುವ ಸದ್ದು ನನಗೆ ಹೊಸತಲ್ಲ. ಹನ್ನೆರಡು ವರ್ಷದವನಿದ್ದಾಗ ಸೋದರಮಾವನ ದೋಣಿಯಲ್ಲಿ ಅದನ್ನು ಕೇಳಿದ್ದೇನೆ. ಅಳಿವೆಯ ಒಳಗೇ, ಇನ್ನೇನು ತೆರೆಯ ಸಾಲಿಗೆ ಮೂತಿ ಕೊಡಬೇಕು, ಇಂಜಿನ್ ಹೀಗೆಯೇ ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಇಂಜಿನ್ ನಿಂತ ಮೇಲೆ ಕಡಲಿನ ಸದ್ದು ಎಷ್ಟು ದೊಡ್ಡದೆಂದು ಅವತ್ತು ಗೊತ್ತಾಯಿತು. ಮಾವ ಒಂದು ಮಾತೂ ಆಡಲಿಲ್ಲ. ಹುಟ್ಟು ಹಾಕಿ ಹಾಕಿ ದೋಣಿಯ ಮೂತಿ ತಿರುಗಿಸಿದರು. ಅವರ ಕುತ್ತಿಗೆಯ ನರ ಉಬ್ಬಿದ್ದು ಇವತ್ತೂ ಕಣ್ಣಿಗೆ ಕಟ್ಟಿದಂತಿದೆ.

ಎಣ್ಣೆಯ ಕೊರತೆ ಅಳಿವೆಯಲ್ಲೇ ಯಾಕೆ ಕಾಣಿಸುತ್ತದೆ ಎಂದು ಅಣ್ಣನ ಡ್ರಮ್ಮಿನ ಮುಂದೆ ನಿಂತಾಗ ತಿಳಿಯಿತು. ದಕ್ಕೆಯಿಂದ ಹೊರಟ ದೋಣಿ ಹೊಳೆಯಲ್ಲಿ ಮೆಲ್ಲಗೆ ಸಾಗುತ್ತದೆ. ಆಗ ಇಂಜಿನ್ ಕುಡಿಯುವ ಎಣ್ಣೆ ಅಲ್ಪ. ಗಾಳಿ ಬೆರೆತು ಅರೆಬರೆ ಬಂದರೂ ಸಾಕಾಗುತ್ತದೆ, ಬಟ್ಟಲಿನಲ್ಲಿದ್ದದ್ದೂ ನೆರವಾಗುತ್ತದೆ. ಅಳಿವೆಯ ಬಳಿ ನೀರು ಆಳವಿಲ್ಲ, ಹೂಳಿನ ದಿಬ್ಬ ಇದೆ. ಹೊರಗಿನಿಂದ ಬಂದ ತೆರೆ ಅಲ್ಲಿ ಕಾಲು ಎಡವಿದ ಹಾಗೆ ಎದ್ದು ಮುರಿಯುತ್ತದೆ. ಎರಡು ತೆರೆಗಳ ನಡುವಿನ ಬಿಡುವು ನೋಡಿ ಒಂದೇ ಉಸಿರಿಗೆ ದಾಟಬೇಕು. ಅದಕ್ಕೆ ಹಿಡಿಯನ್ನು ಪೂರ್ತಿ ತಿರುಗಿಸುತ್ತಾರೆ. ಇಂಜಿನ್ ಇದ್ದಕ್ಕಿದ್ದಂತೆ ಮೂರು ಪಾಲು ಎಣ್ಣೆ ಕೇಳುತ್ತದೆ, ಪೈಪಿನಲ್ಲಿ ಅಷ್ಟು ಇಲ್ಲ. ಎಲ್ಲಿ ನಿಲ್ಲಬಾರದೋ ಅಲ್ಲೇ ಇಂಜಿನ್ ನಿಲ್ಲುತ್ತದೆ. ಅಡ್ಡ ಬಿದ್ದ ದೋಣಿಗೆ ಮುಂದಿನ ತೆರೆ ಸಾಕು. ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಈ ಕರಾವಳಿಯ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಬರುತ್ತಲೇ ಇರುತ್ತದೆ.

ಅಣ್ಣ ಇಂಜಿನ್ ನಿಲ್ಲಿಸಿದರು. ತಗಡಿನ ಡಬ್ಬಿಯಿಂದ ಗೇಣುದ್ದದ ಪಾರದರ್ಶಕ ಪೈಪಿನ ತುಂಡೊಂದನ್ನು ತೆಗೆದರು. ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸುವ ಪೈಪಿಗಿಂತ ಸ್ವಲ್ಪ ದಪ್ಪ. ಅದನ್ನು ಇಂಜಿನ್ನಿನ ಫಿಲ್ಟರಿಗೂ ಪಂಪಿಗೂ ನಡುವೆ ಸೇರಿಸಿದರು. ಮತ್ತೆ ಓಡಿಸಿದಾಗ ಶೆಡ್ಡಿನಲ್ಲಿದ್ದವರೆಲ್ಲ ಬಗ್ಗಿ ನೋಡಿದೆವು. ನೀಲಿ ಎಣ್ಣೆಯ ಎಳೆಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ಹಿಡಿ ತಿರುಗಿಸಿದಂತೆ ಸಾಸಿವೆ ಕಡಲೆಯಾಯಿತು.

“ಗಾಳಿ ಕುಡೀತಾ ಇತ್ತ್. ಎಣ್ಣೆ ಹೊರಗ್ ಬಂದ್ರೆ ಕಾಂತ್. ಗಾಳಿ ಒಳಗ್ ಹ್ವಾರೆ ಯಾರಿಗ್ ಕಾಂತ್?”

ಎಳೆಯುವ ಪೈಪಿನ ಮಾಯೆ ಇದು. ನೀರಿನ ನಲ್ಲಿಯಲ್ಲಿ ತೂತಿದ್ದರೆ ನೀರು ಚಿಮ್ಮಿ ತೋರಿಸುತ್ತದೆ. ಇಲ್ಲಿ ಒಳಗೆ ಎಳೆತ ಇರುವುದರಿಂದ ತೂತಿನ ಮೂಲಕ ಏನೂ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಪೈಪು ಒಣಗಿಯೇ ಇರುತ್ತದೆ. ಕಂಡವರು ಪೈಪು ಸರಿಯಿದೆ ಎಂದು ಕಾರ್ಬೊರೇಟರ್ ಬಿಚ್ಚಲು ಕೂರುತ್ತಾರೆ.

ತೂತು ಎಲ್ಲಿ? ಅದನ್ನು ಹುಡುಕಲು ಅಣ್ಣ ಮಾಡಿದ ಉಪಾಯ ನನಗೆ ತುಂಬ ಇಷ್ಟವಾಯಿತು. ಒಬ್ಬ ಹುಡುಗನನ್ನು ಸ್ಟೂಲಿನ ಮೇಲೆ ಹತ್ತಿಸಿ ಚಿಮಿಣಿ ಎಣ್ಣೆಯ ಕ್ಯಾನನ್ನು ಇಂಜಿನ್ನಿಗಿಂತ ಎತ್ತರಕ್ಕೆ ಹಿಡಿಸಿದರು. ಈಗ ಎಣ್ಣೆಯನ್ನು ಎಳೆಯಬೇಕಿಲ್ಲ, ತಾನೇ ಇಳಿಯುತ್ತದೆ. ಇಂಜಿನ್ ಪೂರ್ತಿ ವೇಗದಲ್ಲಿ ಒಂದು ಕೆಮ್ಮೂ ಇಲ್ಲದೆ ಓಡಿತು. ಇಷ್ಟು ಹೊತ್ತು ಗಾಳಿ ಒಳಹೋಗುತ್ತಿದ್ದ ಕಿಂಡಿಯಿಂದಲೇ ಈಗ ಎಣ್ಣೆ ಹೊರಗೆ ಬರಬೇಕಲ್ಲ. ಅಣ್ಣ ಪೈಪಿನುದ್ದಕ್ಕೂ ಒಣಬಟ್ಟೆ ಎಳೆದು ಬಿಳಿ ಕಾಗದ ತಾಗಿಸುತ್ತಾ ಬಂದರು. ಪೈಪನ್ನು ಇಂಜಿನ್ನಿಗೆ ಸಿಕ್ಕಿಸುವ ಕನೆಕ್ಟರಿನ ಕೆಳಗೆ ಕಾಗದ ನೀಲಿಯಾಯಿತು. ಒಂದೇ ಹನಿ. ಒದ್ದೆ ದೋಣಿಯಲ್ಲಿ, ಮಳೆಯಲ್ಲಿ, ಅಂಥ ಹನಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನೆಕ್ಟರಿನ ಒಳಗಿದ್ದ ಓ-ರಿಂಗ್ ವಾಷರನ್ನು ಪಿನ್ನಿನ ಮೊನೆಯಿಂದ ಎಬ್ಬಿಸಿ ಅಂಗೈ ಮೇಲೆ ಇಟ್ಟರು. ಹುಣಸೆ ಬೀಜಕ್ಕಿಂತ ಚಿಕ್ಕದು. ದುಂಡಗಿರಬೇಕಾದದ್ದು ಒಂದು ಕಡೆ ಚಪ್ಪಟೆ, ಮತ್ತೊಂದು ಕಡೆ ಕೂದಲೆಳೆಯಷ್ಟು ಸೀಳು. ಯಜಮಾನ ಅದನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

ರಬ್ಬರಿಗೆ ವಯಸ್ಸಾಗುವುದು ಹೊಸತೇನಲ್ಲ. ಪೆಟ್ರೋಲು ತಾಗುವ ರಬ್ಬರಿಗಂತೂ ಈಗೀಗ ಇನ್ನಷ್ಟು ಬೇಗ ಆಗುತ್ತಿದೆ ಎನ್ನುವುದು ಅಣ್ಣನ ಅನುಭವ. ನಮ್ಮ ಪೆಟ್ರೋಲಿನಲ್ಲಿ ಈಗ ಎಥನಾಲ್ ಇದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಅದೇ ಬಂತು. ಎಥನಾಲಿಗೆ ತೇವ ಹೀರುವ ಗುಣ. ಕಡಲ ದಂಡೆಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಹೆಚ್ಚು ನೀರು ಹೀರಿಕೊಂಡಾಗ ಅದು ಪೆಟ್ರೋಲಿನಿಂದ ಬೇರೆಯಾಗಿ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಹಳೆಯ ಕಾಲದ ರಬ್ಬರು ಇದಕ್ಕೆಂದು ಮಾಡಿದ್ದಲ್ಲ. ಕೆಲವು ಉಬ್ಬುತ್ತವೆ, ಕೆಲವು ಬಿರುಕು ಬಿಡುತ್ತವೆ. ಪೈಪಿನ ಒಳಪದರ ಕಳಚಿ ನಾಲಿಗೆಯ ಹಾಗೆ ಅಡ್ಡ ನಿಲ್ಲುವುದೂ ಇದೆ. ಹೊರಗಿನಿಂದ ಪೈಪು ಹೊಸತರಂತೆ ಕಾಣುತ್ತದೆ, ಒಳಗೆ ಎಣ್ಣೆಗೆ ದಾರಿ ಇರುವುದಿಲ್ಲ. ಪೆಟ್ರೋಲನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಬಿಡಬೇಡಿ ಎಂದು ಅಣ್ಣ ಎಲ್ಲರಿಗೂ ಹೇಳುತ್ತಾರೆ.

ಹೊಸ ವಾಷರ್ ಕೂತಿತು. ಕ್ಯಾನು ಕೆಳಗೆ ಬಂತು. ಇಂಜಿನ್ ಓಡಿತು, ಪಾರದರ್ಶಕ ಪೈಪಿನಲ್ಲಿ ಒಂದೂ ಗುಳ್ಳೆ ಇಲ್ಲ. ಯಜಮಾನ ಪಾಕೀಟಿಗೆ ಕೈ ಹಾಕಿದ. ಅಣ್ಣ ಕೈ ಅಡ್ಡ ಮಾಡಿ ಹಿಡಿಯನ್ನು ಪೂರ್ತಿ ತಿರುಗಿಸಿದರು. ಹತ್ತು ನಿಮಿಷ ಕಳೆಯಿತು, ಹೊರಗೆ ಮಳೆ ಮತ್ತೆ ಹನಿಯತೊಡಗಿತು. ಹದಿಮೂರನೆಯ ನಿಮಿಷಕ್ಕೆ ಸದ್ದಿನಲ್ಲಿ ಒಂದು ಸಣ್ಣ ಇಳಿತ. ನನಗೆ ಕೇಳಿಸಲೇ ಇಲ್ಲ. ಅಣ್ಣನಿಗೆ ಕೇಳಿಸಿತು.

ಗುಳ್ಳೆ ಇಲ್ಲ, ಆದರೂ ಎಣ್ಣೆ ಸಾಲುತ್ತಿಲ್ಲ. ಉಳಿದದ್ದು ಪಂಪು. ಇಂಜಿನ್ನಿನ ಮೈಗೆ ಅಂಟಿಕೊಂಡಂತಿರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದಕ್ಕೆ ಕರೆಂಟಿಲ್ಲ, ಚಕ್ರವಿಲ್ಲ. ಪಿಸ್ಟನ್ನು ಮೇಲೆ ಹೋದಾಗ ಕೆಳಗಿನ ಕೋಣೆಯಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಆ ಉಸಿರಾಟವೇ ಪಂಪಿನೊಳಗಿನ ತೆಳು ಪೊರೆಯನ್ನು ಹಿಂದೆ ಮುಂದೆ ಆಡಿಸುತ್ತದೆ. ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಪೊರೆ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ ಆಡಬೇಕು. ಅಣ್ಣ ತಿರುಪು ಬಿಚ್ಚಿ ಪೊರೆ ತೆಗೆದರು. ಬಾಳೆಯ ಒಣಪಟ್ಟೆಯಂತೆ ಸೆಟೆದುಕೊಂಡಿತ್ತು. ಪೊರೆಯಲ್ಲಿ ತೂತು ಬಿದ್ದಿದ್ದರೆ ಎಣ್ಣೆ ನೇರ ಇಂಜಿನ್ನಿನ ಕೋಣೆಗೆ ನುಗ್ಗಿ ಹೊಗೆ ಹೆಚ್ಚಾಗುತ್ತಿತ್ತು, ಪ್ಲಗ್ಗು ಒದ್ದೆಯಾಗುತ್ತಿತ್ತು. ಇದು ತೂತಾಗಿರಲಿಲ್ಲ, ಮುಪ್ಪಾಗಿತ್ತು. ಪೆಟ್ರೋಲು ಮೇಲಿನಿಂದ ಇಳಿಯುವಾಗ ಪಂಪಿನ ಸೋಲು ಗೊತ್ತಾಗಲಿಲ್ಲ. ವಾಷರ್ ಸರಿಹೋಗುವ ತನಕ ಈ ಎರಡನೆಯ ತಪ್ಪು ಮೊದಲನೆಯದರ ಬೆನ್ನ ಹಿಂದೆ ಅಡಗಿ ಕೂತಿತ್ತು. ಹಳೆಯ ಇಂಜಿನ್ನಿನಲ್ಲಿ ತಪ್ಪು ಒಂಟಿಯಾಗಿ ಇರುವುದು ಕಡಿಮೆ.

ಪಂಪಿಗೆ ಹೊಸ ಪೊರೆ ಕೂರಿಸಿ, ಕೊನೆಗೆ ಕಾರ್ಬೊರೇಟರನ್ನೂ ಬಿಚ್ಚಿದರು. ಇಂಜಿನ್ ಎಣ್ಣೆ ಹೆಚ್ಚು ಕುಡಿಯುತ್ತದೆ ಎಂದು ಯಜಮಾನ ಮಾತಿನ ನಡುವೆ ಹೇಳಿದ್ದ. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಅಣ್ಣ ನನ್ನ ಕೈಗೂ ಕೊಟ್ಟರು. ಹಿತ್ತಾಳೆಯ ಪುಟ್ಟ ತಿರುಪು, ನಡುವೆ ಸೂಜಿಮೊನೆಯ ತೂತು. ತೂತು ದುಂಡಗಿರಲಿಲ್ಲ. ಯಾರೋ ಕಬ್ಬಿಣದ ತಂತಿ ತೂರಿಸಿ ಕೆರೆದಿದ್ದರು. ಹಿತ್ತಾಳೆ ಮೆತ್ತಗಿನ ಲೋಹ. ತಂತಿ ಕಸವನ್ನು ತೆಗೆಯುವುದರ ಜೊತೆಗೆ ತೂತನ್ನೂ ಹಿಗ್ಗಿಸುತ್ತದೆ. ಅದರ ಮೇಲೆ ಕೊರೆದ ನಂಬರಿಗೆ ಆಮೇಲೆ ಬೆಲೆ ಇಲ್ಲ. ಅಣ್ಣನ ಹತ್ತಿರ ಅದಕ್ಕೆ ಬೇರೆ ಸಲಕರಣೆ ಇದೆ: ಬಲೆಯಿಂದ ಕತ್ತರಿಸಿಟ್ಟ ತಂಗೂಸಿನ ನೂಲು. ನೈಲಾನು ಹಿತ್ತಾಳೆಯನ್ನು ಕೆರೆಯುವುದಿಲ್ಲ. ಮೀನು ಹಿಡಿಯುವ ನೂಲಿಂದಲೇ ಮೀನಿಗೆ ಹೋಗುವ ಇಂಜಿನ್ನಿನ ಗಂಟಲು ಶುಚಿಯಾಗುತ್ತದೆ. ಹಾಳಾದ ಜೆಟ್ಟಿನ ಬದಲು ಅದೇ ನಂಬರಿನ ಇನ್ನೊಂದನ್ನು ಡಬ್ಬಿಯಿಂದ ಹುಡುಕಿ ಹಾಕಿದರು.

ಸಾಲಾಗಿ ನೇತಾಡುತ್ತಿದ್ದ ಇಂಜಿನ್ನುಗಳನ್ನು ನೋಡುತ್ತಾ ಕೂತೆ. ದೋಣಿಯ ಹಿಂಬದಿಗೆ ಕಟ್ಟುವ ಇಂಥ ಯಂತ್ರವನ್ನು ಮಾರಿ ಹೆಸರು ಮಾಡಿದ ಮೊದಲಿಗರಲ್ಲಿ ಓಲೆ ಎವಿನ್‌ರೂಡ್ ಒಬ್ಬರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕೀಯಲ್ಲಿ ನೆಲೆಸಿದ ಅವರು 1909ರಲ್ಲಿ ತಮ್ಮ ಮೋಟಾರನ್ನು ಮಾರುಕಟ್ಟೆಗೆ ತಂದರು. ಅವರ ಹೆಸರಿನ ಇಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತೇಹೋಯಿತು. ಯಮಹಾದ ಮೊದಲ ಔಟ್‌ಬೋರ್ಡ್ ಬಂದದ್ದು 1960ರಲ್ಲಿ. ಕಾರ್ಖಾನೆಗಳು ಹುಟ್ಟಿ ಮುಚ್ಚುತ್ತವೆ, ಮಾದರಿಗಳು ಬದಲಾಗುತ್ತವೆ. ಚಿಮಿಣಿ ಎಣ್ಣೆಯೇ ಸಿಗುವುದು ಕಷ್ಟವಾಗಿ, ಪೆಟ್ರೋಲ್ ಇಂಜಿನ್ನಿಗೆ ಬದಲಾಗಿ ಎಂಬ ಮಾತು ದಕ್ಕೆಯಲ್ಲಿ ವರ್ಷವರ್ಷವೂ ಕೇಳಿಬರುತ್ತದೆ. ಬದಲಾಗಲು ಕೈಯಲ್ಲಿ ದುಡ್ಡು ಬೇಕು. ಅಲ್ಲಿಯವರೆಗೆ ಈ ಮುದಿ ಇಂಜಿನ್ನುಗಳನ್ನು ಉಸಿರಾಡಿಸುವುದು ಇಂಥ ಶೆಡ್ಡುಗಳ ಕೆಲಸ. ಈ ಕೈಗಳ ತಿಳಿವಳಿಕೆಯನ್ನು ಯಾರೂ ಬರೆದಿಟ್ಟಿಲ್ಲ. ಅಣ್ಣನ ಶೆಡ್ಡಿನಲ್ಲಿ ಕಲಿಯುವ ಹುಡುಗರು ಈಗ ಒಬ್ಬನೋ ಇಬ್ಬರೋ. ಇದು ನನ್ನನ್ನು ಕಾಡುತ್ತದೆ.

ಸಂಜೆಯ ಹೊತ್ತಿಗೆ ಇಂಜಿನ್ ಇಪ್ಪತ್ತು ನಿಮಿಷ ಪೂರ್ತಿ ವೇಗದಲ್ಲಿ, ಚಿಮಿಣಿ ಎಣ್ಣೆಯಲ್ಲೇ, ಒಂದೇ ಸದ್ದಿನಲ್ಲಿ ಓಡಿತು. ಅಣ್ಣ ಹಳೆಯ ವಾಷರನ್ನು ಕಾಗದದಲ್ಲಿ ಮಡಚಿ ಯಜಮಾನನ ಜೇಬಿಗೆ ಹಾಕಿದರು. ಹೊಸತು ಎರಡನ್ನು ಬೇರೆ ಕೊಟ್ಟರು, ದೋಣಿಯಲ್ಲಿ ಇಟ್ಟುಕೊಳ್ಳಲು. ಮರುದಿನ ಬೆಳಗಿನ ಜಾವ ನಾನು ದಂಡೆಗೆ ಹೋದಾಗ ಆ ದೋಣಿ ಅಳಿವೆಯ ಒಳಗೆ ಮೂತಿ ಎತ್ತಿ ಬಿಡುವಿಗಾಗಿ ಕಾಯುತ್ತಿತ್ತು. ಮೂರು ತೆರೆ ಹೋಗಲು ಬಿಟ್ಟಿತು. ಆಮೇಲೆ ಸದ್ದು ಏರಿತು, ಏರಿದ್ದು ಇಳಿಯಲಿಲ್ಲ. ದೋಣಿ ದಾಟಿತು.

ಹಳೆಯ ಇಂಜಿನ್ ಇಟ್ಟುಕೊಂಡಿರುವ ದೋಣಿಯವರಲ್ಲಿ ನನ್ನದೊಂದು ಕೋರಿಕೆ. ಮಳೆಗಾಲ ಹಿಡಿಯುವ ಮೊದಲು ಪೈಪು, ಬಲ್ಬು, ಕನೆಕ್ಟರಿನ ವಾಷರ್ ಇವಿಷ್ಟನ್ನು ಬದಲಾಯಿಸಿಬಿಡಿ. ಕ್ಯಾನಿನ ತಳದ ಎಣ್ಣೆಯನ್ನು ಒಮ್ಮೆ ಬಾಟಲಿಗೆ ತೆಗೆದು ನೋಡಿ. ದೋಣಿಯನ್ನು ದಕ್ಕೆಗೆ ಕಟ್ಟಿಕೊಂಡೇ ಹದಿನೈದು ನಿಮಿಷ ಚಿಮಿಣಿ ಎಣ್ಣೆಯಲ್ಲಿ, ಪೂರ್ತಿ ವೇಗದಲ್ಲಿ ಇಂಜಿನ್ ಓಡಿಸಿ. ಕೆಮ್ಮದಿದ್ದರೆ ಮಾತ್ರ ಅಳಿವೆಯ ಕಡೆಗೆ ಮೂತಿ ತಿರುಗಿಸಿ.